‘ನಾನು’ ಅಂದರೆ ಅಣ್ಣ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುವ ಓದುಗರ ಕೂಟಕ್ಕೆ ಒಂದೇ ಕಟ್ಟುನಿಟ್ಟಿನ ನಿಯಮ: ಯಾವ ಪುಸ್ತಕವನ್ನು ಎಲ್ಲರೂ ಓದಲಿ ಅನ್ನುತ್ತೀರೋ, ಅದರ ಒಂದು ಪುಟವನ್ನು ನೀವೇ ಎದ್ದುನಿಂತು ಗಟ್ಟಿಯಾಗಿ ಓದಬೇಕು. ಆಮೇಲೆ ಮೆಚ್ಚಿದವರು ಕೈ ಎತ್ತುವುದು. ನಿಯಮ ಮಾಡಿದವರು ನಿವೃತ್ತ ಮೇಷ್ಟ್ರು. ನಗಿಸುವ ಪುಸ್ತಕ ಕಂಡರೆ ಮೂಗು ಮುರಿಯುವ ಮನುಷ್ಯ. ಯಾರೂ ಸಾಯದಿದ್ದರೆ ಅದು ಕಾದಂಬರಿಯೇ ಅಲ್ಲ ಎಂಬುದು ಅವರ ಗಟ್ಟಿ ನಂಬಿಕೆ.

ಟೈಲರಮ್ಮನಿಗೆ ನಿಯಮ ಗೊತ್ತಿತ್ತು. ಗೊತ್ತಿದ್ದೂ, “ಕಣ್ಣು ಮಂಜಾಗಿದೆ, ನೀವೇ ಓದಿಬಿಡಿ ಸಿಸ್ಟರ್,” ಎಂದು ಪಕ್ಕದ ನರ್ಸಿಗೆ ತಾನು ತಂದ ಪುಸ್ತಕ ಚಾಚಿದಳು.

“ಸೂಜಿಗೆ ದಾರ ಪೋಣಿಸೋ ಕಣ್ಣು ಅದು. ಸುಳ್ಳು ಹೇಳ್ಬೇಡಿ,” ಎಂದಳು ನರ್ಸ್.

ತೊಂದರೆ ಕಣ್ಣಿನದಾಗಿರಲಿಲ್ಲ. ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಅವಳ ಅಣ್ಣ ದಿನವೂ ಹೊಲಿಗೆ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಅವಳ ಕೈ ಬಟ್ಟೆಗೆ, ಕಿವಿ ಅಣ್ಣನಿಗೆ. ಮಿಷನ್ನಿನ ಸದ್ದನ್ನೂ ಮೀರಿಸುವ ಗಂಟಲಲ್ಲಿ ಅವನು ಈ ಪುಸ್ತಕ ಓದುತ್ತಿದ್ದ. ಮಹಾಸರ್ಪವನ್ನು ಕೊಲ್ಲಲು ಹೊರಟ ವೀರರ ಜೊತೆ ಅಡುಗೆಗೆಂದು ಹೋದ ಒಂದು ಶುದ್ಧ ಪುಕ್ಕಲು ಜೀವ ತನ್ನ ಕಥೆ ತಾನೇ ಹೇಳಿಕೊಳ್ಳುವ ಪುಸ್ತಕ. ‘ನಾನು’ ಬಂದಾಗಲೆಲ್ಲ ಅಣ್ಣ ಎದೆ ತಟ್ಟಿಕೊಳ್ಳುತ್ತಿದ್ದ, ‘ನಾನು ಓಡಿಹೋದೆ’ ಅನ್ನುವಾಗಲೂ. ಅವಳು ನಕ್ಕು ನಕ್ಕು ಎಷ್ಟೋ ಹೊಲಿಗೆ ಸೊಟ್ಟ ಹಾಕಿದ್ದಳು.

ಒಂದು ಸಂಜೆ ಮಹಾಸರ್ಪ ಎದುರು ಬಂದು ನಿಂತಿತು. “ಮಿಕ್ಕಿದ್ದು ನಾಳೆ,” ಎಂದು ಅಣ್ಣ ಎದ್ದುಹೋದ. ಬೆಳಗಾಗುವುದರೊಳಗೆ ತೀರಿಕೊಂಡಿದ್ದ.

ಆಮೇಲೆ ಅವಳು ಎಷ್ಟೋ ಸಲ ಪುಸ್ತಕ ತೆರೆದಳು. ಮೊದಲ ‘ನಾನು’ವಿಗೇ ಮುಚ್ಚಿಬಿಡುತ್ತಿದ್ದಳು. ಆ ಪುಸ್ತಕದಲ್ಲಿ ‘ನಾನು’ ಅಂದರೆ ಅಣ್ಣ. ಆ ಮಾತು ತನ್ನ ಬಾಯಿಂದ ಬಂದರೆ ಅವನನ್ನು ತಾನೇ ಕಳಿಸಿಕೊಟ್ಟ ಹಾಗೆ ಎಂದು ಅವಳಿಗೆ ಹೆದರಿಕೆ. ಕೂಟ ಒಪ್ಪಿದರೆ ಯಾರಾದರೂ ಮುಂದಿನದನ್ನು ಓದುತ್ತಾರೆ, ತಾನು ಕೇಳಿಸಿಕೊಳ್ಳಬಹುದು ಅನ್ನುವುದೊಂದೇ ಅವಳ ಆಸೆ.

ಬೇರೆ ದಾರಿ ಕಾಣದೆ ಎದ್ದಳು. ಅಣ್ಣ ಓದಿದ ಪುಟಗಳನ್ನು ಮುಟ್ಟಲು ಮನಸ್ಸಾಗದೆ, ಅವನು ನಿಲ್ಲಿಸಿದ ಕಡೆಯೇ ತೆರೆದಳು.

“ಮಹಾಸರ್ಪ ಬಾಯಿ ತೆರೆಯಿತು. ಅವನು ಬಹಳ ಧೈರ್ಯದಿಂದ ಕಣ್ಣು ಮುಚ್ಚಿಕೊಂಡ. ವೀರರೆಲ್ಲ ಕತ್ತಿ ಹಿರಿದರು. ಅವನು ಸೌಟು ಹಿರಿದ.”

ಯಾರೂ ನಗಲಿಲ್ಲ. ನರ್ಸ್ ಪುಟಕ್ಕೆ ಬಗ್ಗಿ ನೋಡಿದಳು.

“ಅಕ್ಕ, ಇಲ್ಲಿ ‘ಅವನು’ ಅಂತ ಎಲ್ಲೂ ಇಲ್ವಲ್ಲ. ‘ನಾನು ಮುಚ್ಚಿಕೊಂಡೆ’ ಅಂತಿದೆ.”

ಟೈಲರಮ್ಮ ನೋಡಿದಳು. ಹೌದು. ತನಗೇ ಗೊತ್ತಿಲ್ಲದೆ ಪ್ರತಿ ಸಾಲನ್ನೂ ತಿರುಗಿಸಿ ಹೊಲಿದಿದ್ದಳು.

“ಅದು ಗಂಡಸು. ಅದಕ್ಕೇ...” ಎಂದಳು.

“ಗಂಡಸು ಅಂತ ಎಲ್ಲಿ ಬರೆದಿದ್ದಾರೆ?” ಮೇಷ್ಟ್ರು ಕೈಚಾಚಿ ಪುಸ್ತಕ ತೆಗೆದುಕೊಂಡು ಹಿಂದೆ ಮುಂದೆ ಮಗುಚಿದರು. “ಮುಚ್ಚಿಕೊಂಡೆ, ಓಡಿದೆ, ಅತ್ತುಬಿಟ್ಟೆ. ಇದನ್ನ ಗಂಡಸೂ ಹೇಳಬಹುದು, ಹೆಂಗಸೂ ಹೇಳಬಹುದು. ಓದೋರು ಯಾರೋ ಅವರದೇ ಕಥೆ ಇದು.” ಪುಸ್ತಕ ಹಿಂದಿರುಗಿಸಿದರು. “ಇದ್ದ ಹಾಗೇ ಓದಮ್ಮ.”

ಅವಳು ಮುಂದಿನ ಸಾಲಿನ ಕೆಳಗೆ ಬೆರಳಿಟ್ಟಳು.

“ನಾನು,” ಎಂದಳು. “ನಾನು ಸತ್ತೆ ಅಂದುಕೊಂಡೆ. ಕಣ್ಣು ಬಿಟ್ಟರೆ ಎಲ್ಲರೂ ಹೋಗಿದ್ದರು, ನಾನೊಬ್ಬಳೇ—”

ತಡೆದಳು. ಪುಟದಲ್ಲಿ ‘ನಾನು ಮಾತ್ರ’ ಎಂದಷ್ಟೇ ಇತ್ತು. ಈ ಸಲ ಯಾರೂ ತಿದ್ದಲಿಲ್ಲ.

“ನಾನು ಮಾತ್ರ ಉಳಿದಿದ್ದೆ. ಕಣ್ಣೀರು ಬಂತು. ಜೊತೆಗೆ, ಹೇಳಲು ನಾಚಿಕೆ, ಹಸಿವೂ ಆಯಿತು.”

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನರ್ಸ್ ಕಣ್ಣೊರೆಸಿಕೊಂಡೇ ನಕ್ಕಳು. ಪುಟ ಮುಗಿದಿತ್ತು.

“ಸಾಕಮ್ಮ, ಕೈ ಎತ್ತೋಣ. ಮುಂದೇನಾಗುತ್ತೆ ಅಂತ ಮಾತ್ರ ಈಗಲೇ ಹೇಳ್ಬೇಡ,” ಎಂದರು ಮೇಷ್ಟ್ರು.

“ನಂಗೂ ಗೊತ್ತಿಲ್ಲ,” ಎಂದು ಅವಳು ಪುಟ ತಿರುವಿದಳು.