ಅಡ್ಡೆಗೆ ಸಿಕ್ಕಿದ ನಾಗರಾಜು

ನಾಲಿಗೆಗಿಂತ ಮುಂಚೆ ಕೈ ಮಾತಾಡುವ ಹುಡುಗ ಎಂದು ರವೀಂದ್ರನಿಗೆ ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಹೆಸರಿತ್ತು. ತೊಂಬತ್ನಾಲ್ಕರ ದಸರಾ ರಜೆಯಲ್ಲಿ ಟೆಂಟು ಸಿನಿಮಾದ ಸಾಲಿನಲ್ಲಿ ಬಾಬುರಾಯನಕೊಪ್ಪಲಿನ ನಾಗರಾಜು ಮುಂದೆ ನುಗ್ಗಿದ. ಕೈ ಮಾತಾಡಿತು. ನಾಗರಾಜುವಿನ ಮುಂದಿನ ಹಲ್ಲೊಂದು ಟೆಂಟಿನ ಮರಳು ಸೇರಿತು. ಅಂದಿನಿಂದ ಪೇಟೆಯವರೂ ಕೊಪ್ಪಲಿನವರೂ ಸೈಕಲ್ ಚೈನು ಹಿಡಿದು ಒಬ್ಬರನ್ನೊಬ್ಬರು ಹುಡುಕುವುದೇ ಕಸುಬಾಯಿತು.

ಪೊಲೀಸರು ರವೀಂದ್ರನನ್ನು ಎಳೆದೊಯ್ದಾಗ ಅವನ ತಾಯಿ ಸೋಮಮ್ಮ ಲಾಯರ್ ಹತ್ತಿರ ಹೋಗಲಿಲ್ಲ. ಈಶ್ವರನ ಗುಡಿಯ ಪೂಜಾರಿ ನಂಜುಂಡಯ್ಯನವರ ಕಾಲು ಹಿಡಿದಳು. ಅವರು ಠಾಣೆಗೆ ಬಂದು, ಕಾರ್ತಿಕ ಮುಗಿಯುವವರೆಗೆ ಹುಡುಗನನ್ನು ತಮಗೆ ಬಿಟ್ಟುಕೊಡಿ ಎಂದರು.

"ಅಷ್ಟರಲ್ಲಿ ಇವನು ಯಾರ ಮೇಲಾದರೂ ಕೈ ಎತ್ತಿದರೆ, ಇವನ ಜೊತೆ ನನ್ನನ್ನೂ ಒಳಗೆ ಹಾಕಿ."

ಬುದ್ಧಿವಾದವನ್ನೇನೂ ನಂಜುಂಡಯ್ಯ ಹೇಳಲಿಲ್ಲ. ಕಾರ್ತಿಕ ಸೋಮವಾರಗಳಲ್ಲಿ ಬೀದಿ ಸುತ್ತುವ ಸ್ವಾಮಿಯ ಪಲ್ಲಕ್ಕಿಗೆ ಅವನ ಹೆಗಲು ಹಚ್ಚಿದರು, ಅಷ್ಟೆ. ಪಲ್ಲಕ್ಕಿಯ ಅಡ್ಡೆಮರ ಹೊತ್ತವನ ಎರಡು ಕೈಯೂ ಅಡ್ಡೆಯ ಮೇಲೇ ಇರುತ್ತವೆ ಎಂಬುದು ಅವರ ಲೆಕ್ಕ. ಮುಂದೆ ನಡೆಯುತ್ತ ಅವರು ಪದ್ಯ ಹೇಳಬೇಕು, ಅದರ ತಾಳಕ್ಕೆ ಹೊತ್ತವರು ಹೆಜ್ಜೆ ಹಾಕಬೇಕು. ಮೊದಲ ವಾರ ರವೀಂದ್ರ ಹಲ್ಲು ಕಡಿದ. ಮೂರನೆಯ ವಾರಕ್ಕೆ ಡೈರಿಗೆ ಹಾಲು ಹಾಕಲು ಹೋಗುವಾಗಲೂ ಕಾಲು ತಾಳ ಹಿಡಿಯತೊಡಗಿತು. ಗೆಳೆಯರು ಅಡ್ಡಬಿದ್ದು, ಪೂಜಾರಪ್ಪ, ತೀರ್ಥ ಕೊಡು ಎಂದು ಅಣಕಿಸಿದರು. ಅವನು ಕೈ ಎತ್ತಲಿಲ್ಲ. ಎತ್ತಿದ್ದರೆ ಕಂಬಿಯ ಹಿಂದೆ ನಂಜುಂಡಯ್ಯನವರ ಮಡಿಪಂಚೆ ಕಾಣುತ್ತಿತ್ತಲ್ಲ.

ಕೊನೆಯ ಸೋಮವಾರದ ಸಂಜೆ ಪಲ್ಲಕ್ಕಿ ಪೇಟೆ ಬೀದಿಯ ತಿರುವಿಗೆ ಬಂತು. ಎದುರಿಗೆ ಕೈಗೆ ಚೈನು ಸುತ್ತಿಕೊಂಡ ನಾಗರಾಜು. ತಿರುವಿನಾಚೆ ಪೊಲೀಸ್ ಜೀಪು. ನಾಗರಾಜು ರವೀಂದ್ರನ ಪಕ್ಕಕ್ಕೇ ಬಂದು, ಪಲ್ಲಕ್ಕಿಯ ಜೊತೆಜೊತೆಗೇ ನಡೆಯುತ್ತ, ಬಿದ್ದ ಹಲ್ಲಿನ ಸಂದಿಯಿಂದ ಶುರುಮಾಡಿದ.

"ಏನ್ಲಾ, ಸ್ವಾಮಿ ಮರೇಲಿ ಅವಿತ್ಕಂಡಿದ್ದೀಯಾ? ಇಳಿಸ್ಲಾ ಕೆಳಕ್ಕೆ."

ಇಳಿಸುವಂತಿಲ್ಲ. ಹೊರಟ ಸ್ವಾಮಿ ಗುಡಿ ಸೇರುವವರೆಗೂ ನೆಲ ಮುಟ್ಟಬಾರದು. ಹೊತ್ತವನಿಗೆ ಆಗದಿದ್ದರೆ 'ಹೆಗಲು' ಎಂದು ಕೂಗಬಹುದು. ಕೂಗಿದರೆ ಅತಿ ಹತ್ತಿರ ಇದ್ದವನು, ಅವನು ಯಾರೇ ಆಗಿರಲಿ, ಹೆಗಲು ಕೊಡಲೇಬೇಕು. ಕೊಡದವನ ಮನೆಯ ಒಲೆ ಉರಿಯದು ಎಂದು ಆ ಸೀಮೆಯ ಮಕ್ಕಳು ಎದೆಹಾಲಿನ ಜೊತೆಗೇ ಕುಡಿದಿರುತ್ತಾರೆ.

ರವೀಂದ್ರನ ರಕ್ತ ಕೊತಕೊತ ಕುದಿಯಿತು. ಜೀಪು, ಪೂಜಾರಿ, ಕೊಟ್ಟ ಮಾತು, ಎಲ್ಲ ಮರೆತು ಕೈ ಬಿಡಿಸಿಕೊಳ್ಳಲು ಕೂಗಿಬಿಟ್ಟ.

"ಹೆಗಲು!"

ಅತಿ ಹತ್ತಿರ ಇದ್ದವನು ನಾಗರಾಜು. ಯೋಚಿಸುವ ಮೊದಲೇ ಅವನ ಹೆಗಲು ಅಡ್ಡೆಯ ಕೆಳಗೆ ಹೋಗಿತ್ತು, ಎರಡು ಕೈಯೂ ಮೇಲೆ ಹೋಗಿದ್ದವು. ಚೈನು ಅಡ್ಡೆಗೇ ಸಿಕ್ಕಿಕೊಂಡು ಗಂಟೆಯಂತೆ ಕಿಣಿಕಿಣಿ ಎನ್ನತೊಡಗಿತು. ತಾನು ಏನು ಮಾಡಿಕೊಂಡೆ ಎಂಬುದು ಅವನ ಮುಖಕ್ಕೆ ಆಮೇಲೆ ತಿಳಿಯಿತು.

ಈಗ ರವೀಂದ್ರನ ಎರಡು ಕೈಯೂ ಖಾಲಿ. ಎದುರಿಗೆ ಕದಲಲಾರದ ವೈರಿ, ಅವನ ಬಾಯಲ್ಲಿ ಇನ್ನೂ ಉಳಿದ ಹಲ್ಲುಗಳು. ಮುಷ್ಟಿ ಬಿಗಿಯಿತು. ಪದ್ಯ ಹೇಳುತ್ತಿದ್ದ ನಂಜುಂಡಯ್ಯ ಹಿಂದಿರುಗಿ ನೋಡಿದರು. ನಿಲ್ಲಿಸಲಿಲ್ಲ, ದನಿ ಮಾತ್ರ ಸಣ್ಣಗಾಯಿತು.

ನಾಗರಾಜು ಮಿಕ್ಕವರಿಗಿಂತ ಗೇಣುದ್ದ ಹೆಚ್ಚು ಎತ್ತರದ ಆಳು. ಅವನ ಮೂಲೆ ಮೇಲೇರಿ, ಪಕ್ಕದ ಅಡ್ಡೆ ಹೊತ್ತಿದ್ದ ಕುಳ್ಳ ಮರಿಸ್ವಾಮಿಯ ಮೇಲೆ ಭಾರವೆಲ್ಲ ಬಿತ್ತು. ಪಲ್ಲಕ್ಕಿಯೊಳಗಿನ ಸ್ವಾಮಿ ವಾಲಿದ. ಕಿರೀಟ ಜಾರಿತು.

ರವೀಂದ್ರನ ಮುಷ್ಟಿ ಬಿಚ್ಚಿತು. ಒಂದು ಕೈಯಿಂದ ಕಿರೀಟ ಒತ್ತಿ ಹಿಡಿದ, ಇನ್ನೊಂದರಿಂದ ನಾಗರಾಜುವಿನ ಭುಜ ಅದುಮಿದ.

"ಮಂಡಿ ಬಗ್ಸ್ಲಾ, ಒಂಟೆ. ಸ್ವಾಮಿ ಬಿದ್ರೆ ಇಬ್ರೂ ಕೆಟ್ವಿ."

ನಾಗರಾಜು ಬಗ್ಗಿದ. ಹಾಗೆ ಬಗ್ಗಿಕೊಂಡೇ, ಬೈಯುತ್ತಲೇ, ಪದ್ಯದ ತಾಳಕ್ಕೆ ತಪ್ಪು ಹೆಜ್ಜೆ ಹಾಕುತ್ತ ಜೀಪನ್ನೂ ದಾಟಿದ. ಒಳಗಿದ್ದ ಸಬ್ಇನ್ಸ್‌ಪೆಕ್ಟರು ಟೋಪಿ ತೆಗೆದು ಕೈಮುಗಿದರು, ಸ್ವಾಮಿಗೋ ಈ ಸೋಜಿಗಕ್ಕೋ. ಎಡಗಾಲು ಮೊದಲು ಕಣ್ಲಾ ಎಂದು ರವೀಂದ್ರ ದಾರಿಯುದ್ದಕ್ಕೂ ಪಾಠ ಹೇಳಿದ.

ಗುಡಿಯಲ್ಲಿ ಸ್ವಾಮಿಯನ್ನು ಇಳಿಸಿದ ಮೇಲೆ ನಾಗರಾಜುವಿಗೆ ನೆಟ್ಟಗೆ ನಿಲ್ಲಲೂ ಆಗಲಿಲ್ಲ. ಹೆಗಲು ಕೆಂಪಗೆ ಬಾತಿತ್ತು. ರವೀಂದ್ರ ತನ್ನ ಹೆಗಲ ಸಿಂಬಿಬಟ್ಟೆ ಬಿಚ್ಚಿ ಅವನತ್ತ ಎಸೆದ. ನಾಗರಾಜು ಅದನ್ನು ಹಿಂದಕ್ಕೆ ಎಸೆಯಲಿಲ್ಲ. ಪ್ರಸಾದದ ಕಡಲೆ ಉಸಲಿ ಅಗಿಯುತ್ತ, ಅಗಿಯಲು ಕಷ್ಟಪಡುತ್ತ ಅಂದ:

"ಮುಂದ್ನೊರ್ಸ ಆ ಕುಳ್ಳುನ್ ಕಾಲ್ಗೆ ಇಟ್ಗೆ ಕಟ್ಲಾ. ನಾನು ಮಾತ್ರ ಬಗ್ಗಾಕಿಲ್ಲ."