ಕೊನೇ ಪುಟದ ಹೆಂಗಸು

ಕಾದಂಬರಿಕಾರರಿಗೆ ಹೆಣ್ಣಿನ ಮನಸ್ಸೆಂದರೆ ಅಂಗೈ ಮೇಲಿನ ನೆಲ್ಲಿಕಾಯಿ ಎಂದು ಓದುಗರೆಲ್ಲ ಹೊಗಳುತ್ತಿದ್ದರು. ಮನೆಯಲ್ಲಿದ್ದ ಹೆಣ್ಣಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾದದ್ದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಅವರ ಕೋಳಿಕಾಲಿನ ಅಕ್ಷರ ಓದಬಲ್ಲವಳು ಲೋಕದಲ್ಲಿ ಹೆಂಡತಿ ಒಬ್ಬಳೇ. ಹನ್ನೊಂದು ಕಾದಂಬರಿಗಳನ್ನು ಅವಳೇ ಟೈಪ್ ಮಾಡಿ ಪ್ರಕಾಶಕರಿಗೆ ಕಳಿಸಿದ್ದಳು. ಟೈಪಾದದ್ದನ್ನು ಅವರು ತಿರುಗಿಯೂ ನೋಡುತ್ತಿರಲಿಲ್ಲ. ಬರೆದು ಮುಗಿಸಿದ್ದನ್ನು ಮತ್ತೆ ಓದುವುದು ಎಂಜಲು ತಿಂದಂತೆ ಎನ್ನುತ್ತಿದ್ದರು.

ಹನ್ನೊಂದರಲ್ಲೂ ಹೆಂಗಸರದು ಒಂದೇ ಹಣೆಬರಹ. ಸಹಿಸುವುದು, ಕ್ಷಮಿಸುವುದು, ಇಲ್ಲವೇ ಕೆಮ್ಮಿ ಕೆಮ್ಮಿ ಸಾಯುವುದು. ಹನ್ನೆರಡನೆಯದರ ನಾಯಕಿ ಗಂಡನ ಕೈಲಿ ಹೊಡೆತ ತಿಂದು, ನೀಲಿ ಪೆಟ್ಟಿಗೆ ಹಿಡಿದು ಬಾಗಿಲವರೆಗೆ ಬಂದಾಗ ಹೆಂಡತಿಯ ಬೆರಳು ನಿಂತುಬಿಟ್ಟವು. ಮದುವೆಯಾದ ಮೂರನೇ ವರ್ಷ ಅದೇ ನೀಲಿ ಪೆಟ್ಟಿಗೆ ಹಿಡಿದು ಅವಳೂ ಬಾಗಿಲವರೆಗೆ ಬಂದಿದ್ದಳು. ಮುಂದಿನ, ಕೊನೇ ಪುಟದಲ್ಲಿ ನಾಯಕಿ ಗಂಡನ ಕಾಲಿಗೆ ಬಿದ್ದಿದ್ದಳು.

ಇವಳಾದರೂ ಹೋಗಲಿ ಎಂದುಕೊಂಡು ಆ ಪುಟ ಬದಿಗಿಟ್ಟು ತಾನೇ ಒಂದು ಬರೆದಳು. ನಾಯಕಿ ಬಾಗಿಲು ದಾಟಿದಳು, ಬಸ್ಸು ಹತ್ತಿದಳು, ಕಿಟಕಿ ಪಕ್ಕ ಕೂತಳು. ಅಷ್ಟೇ. ಅದನ್ನು ಕಳಿಸಿದ ದಿನ ಅವಳಿಗೆ ಎಂದಿಲ್ಲದ ಹಸಿವಾಯಿತು.

ವಾರ ಕಳೆಯುವಷ್ಟರಲ್ಲಿ ಪ್ರಕಾಶನದ ಸಂಪಾದಕಿ ಫೋನು ಮಾಡಿದಳು, ಇನ್ನೂ ಚಿಕ್ಕ ವಯಸ್ಸಿನವಳು.

“ಅಮ್ಮಾ, ಸಾರ್‌ಗೆ ಹೇಳ್ಬೇಡಿ. ಕೊನೇ ಪುಟ ಯಾಕೋ ಎಡವಟ್ಟಾಗಿತ್ತು. ಸಾರ್ ಬರೆಯೋ ಹೆಂಗಸರು ಹಾಗೆಲ್ಲ ಮನೆ ಬಿಟ್ಟು ಹೋಗ್ತಾರಾ? ನಾನೇ ಸರಿಯಾಗಿ ಬರೆದು ಅಚ್ಚಿಗೆ ಕಳಿಸ್ಬಿಟ್ಟೆ.”

“ಅವಳು ಹೋಗ್ಬೇಕಿತ್ತಮ್ಮ.”

“ಅಯ್ಯೋ, ನಾನೂ ಹೆಣ್ಣೇ ಅಲ್ವಾ? ನನಗೆ ಗೊತ್ತಾಗಲ್ವಾ?”

ಪುಸ್ತಕ ಬಂತು. ಒಂದು ಭಾನುವಾರ ಕಾದಂಬರಿಕಾರರು ಪತ್ರಿಕೆಯ ವಿಮರ್ಶೆಯನ್ನು ಗಟ್ಟಿಯಾಗಿ ಓದಿದರು. ನಾಯಕಿ ಬಾಗಿಲಿನಿಂದ ಹಿಂತಿರುಗಿ, ಗಂಡನಿಗೆ ಟೀ ಕಾಯಿಸಲು ಒಲೆ ಹಚ್ಚುವ ಕೊನೇ ಪುಟವೊಂದೇ ಸಾಕು, ಹೆಣ್ಣಿನ ಅಂತರಂಗ ಬಲ್ಲವರು ಇವರೆನ್ನಲು ಎಂದಿತ್ತು.

“ನೋಡ್ದೆಯಾ? ಅದನ್ನ ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು” ಎಂದರು. ಆ ಪುಟ ತಮ್ಮದಲ್ಲವೆಂಬುದು ಅವರಿಗೆ ಹೊಳೆಯಲೇ ಇಲ್ಲ.

ಅಡುಗೆಮನೆಯಲ್ಲಿ ನಿಂತಿದ್ದ ಅವಳ ಮೈಯೆಲ್ಲ ಉರಿಯಿತು. ಇವತ್ತು ಹೇಳಿಯೇ ಬಿಡಬೇಕು, ಎಲ್ಲ ಹೇಳಿ ಅಟ್ಟದ ಮೇಲಿನ ನೀಲಿ ಪೆಟ್ಟಿಗೆ ಇಳಿಸಬೇಕು ಎಂದುಕೊಂಡಳು.

“ಒಂದ್ ಲೋಟ ಟೀ ಕೊಡೇ” ಎಂದು ಕೂಗಿದರು.

ಮೊದಲ ಮಾತು ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಲೇ ಕೆಳಗೆ ನೋಡಿದಳು. ಕೈ ಆಗಲೇ ಕಡ್ಡಿ ಗೀರಿತ್ತು, ಒಲೆ ಉರಿಯುತ್ತಿತ್ತು.