ಆಳಿನ ಅಳತೆ

“ಏನೇ ಮುಂಡೆ, ಆಳಿನ ತಲೆ ರಾಜನ ಹೆಗಲಿಗೆ ಯಾಕೆ ಬಂತೇ? ಇಳಿಯೇ ಕೆಳಕ್ಕೆ!”

ಮಾಲೀಕ ಅನಂತರಾಜು ಬೂಟುಗಾಲಲ್ಲಿ ಬುಟ್ಟಿಗೆ ಒದ್ದ. ಉಣ್ಣೆಯ ಉಂಡೆಗಳು ಉಪ್ಪಾರಹಳ್ಳಿಯ ಆ ಶೆಡ್ಡಿನ ಉದ್ದಕ್ಕೂ ಉರುಳಿದವು. ಹಲಗೆಯ ಮೇಲೆ ಕೂತು ನೇಯುತ್ತಿದ್ದ ಮೂವರು ಹೆಂಗಸರಲ್ಲಿ ಹಿರಿಯಳಾದ ಹನುಮಕ್ಕ ಸೊಂಟ ಹಿಡಿದುಕೊಂಡು ಇಳಿದಳು.

ಮಗ್ಗದ ಮೇಲೆ ಈಜಿಪ್ಟಿನ ಚಿತ್ರದ ರತ್ನಗಂಬಳಿ. ಏಳು ತಿಂಗಳು ಒಂದೊಂದೇ ಗಂಟು ಹಾಕಿ ಎಬ್ಬಿಸಿದ್ದು. ಕೆಳಗೆ ತಾವರೆಯ ಅಂಚು, ಅದರ ಮೇಲೆ ಕೆಂಗಂದು ಮೈಯ ಏಳಡಿ ರಾಜ. ಅವನ ಹಿಂದೆ ಹೊರೆ ಹೊತ್ತ ನಾಲ್ವರು ಆಳುಗಳು. ಚೌಕುಳಿ ಕಾಗದದ ನಕ್ಷೆಯಲ್ಲಿ ಅವರು ರಾಜನ ಮಂಡಿಯುದ್ದ ಇದ್ದರು. ಹನುಮಕ್ಕ ಹೆಗಲಿಗೆ ಏರಿಸಿದ್ದಳು. ತಪ್ಪು ಹಿಡಿಯಬೇಕಾದ ಮಾಸ್ಟರ್ ಜಯಪ್ರಕಾಶ್, ತಂಗಿ ಮದುವೆ ಅಂತ ಗುಬ್ಬಿಗೆ ಹೋದವನು ತಿಂಗಳುಗಟ್ಟಲೆ ಇತ್ತ ತಲೆ ಹಾಕದೆ, ಇವತ್ತು ಮಾಲೀಕನ ಹಿಂದೆ ಬಂದು ನಿಂತಿದ್ದ.

“ಗಂಡಾಳು ಅಲ್ವಾ ಸ್ವಾಮಿ? ಮಂಡಿಯುದ್ದ ಯಾವ್ ಗಂಡಸು ಇರ್ತಾನೆ? ನಕ್ಸೆ ಬರ್ದೋರು ಎಡವಟ್ಟು ಮಾಡವ್ರೆ ಅನ್ಕಂಡೆ,” ಅಂದಳು ಹನುಮಕ್ಕ.

ಅವಳು ಕುಣಿಗಲ್ ಕಡೆಯ ಕಂಬಳಿ ಮನೆಯ ಮಗಳು. ಹೊದೆಯುವವನನ್ನು ಎದುರಿಗೆ ನಿಲ್ಲಿಸಿ ಮೊಳ ಹಾಕಿ ನೇಯುವುದು ಅವಳಪ್ಪನ ಪದ್ಧತಿ. ಕುರಿ ಕಾಯುವವನಿಗೂ ಗೌಡನಿಗೂ ಒಂದೇ ಮೊಳ. ಕೈ ಕಲಿತದ್ದು ಅದನ್ನೇ.

“ಕೇಳುದ್ಯೇನಯ್ಯಾ ಜೆಪಿ? ಕಂಬ್ಳಿ ನೇಯೋಳು ಈಜಿಪ್ಟಿನೋರಿಗೆ ಬುದ್ಧಿ ಹೇಳ್ತಾಳೆ! ಸಾವ್ರಾರು ವರ್ಷದಿಂದ ದೊರೆ ದೊರೆನೇ, ಆಳು ಆಳೇ. ಮಂಡಿ ಊರೇ.”

ಹನುಮಕ್ಕ ಅಲ್ಲಾಡಲಿಲ್ಲ. ಜಯಪ್ರಕಾಶ್ ಹೆಗಲು ಹಿಡಿದು ಅದುಮಿದ. ಊದಿದ ಮಂಡಿಗಳು ಸಿಮೆಂಟಿಗೆ ಬಡಿದವು.

ಅನಂತರಾಜು ಅವಳ ನೆತ್ತಿಯ ಮೇಲೆ ಅಂಗೈ ಇಟ್ಟ. ಅದು ಸರಿಯಾಗಿ ಚಿತ್ರದ ರಾಜನ ಮಂಡಿಗೆ ಬಂತು.

“ಎಲ್ರೂ ನೋಡ್ಕಳ್ರೇ. ಆಳಿನ ಅಳತೆ ಇಷ್ಟೇ. ಜೆಪಿ, ಒಂದ್ ಫೋಟೋ ಹೊಡಿ, ಮುಂದಿನ್ ನಕ್ಷೆಗೆ ಆಯ್ತದೆ.” ಅಂಗೈಯನ್ನು ಕರ್ಚೀಫಿಗೆ ಒರೆಸಿಕೊಂಡ. “ಈಗ್ಲೇ ಬಿಚ್ಚು. ಆಳುಗಳ್ನ ಮಂಡಿಗಿಳ್ಸು. ಇಲ್ಲಾಂದ್ರೆ ಮೂರೂ ಜನ ಗೇಟಿಂದಾಚೆಗೆ.”

“ಬಿಚ್ಚಕ್ಕ,” ಹಲಗೆಯ ಮೇಲಿಂದ ಕೋಮಲಾ ಗೋಗರೆದಳು. ಅವಳದು ಮೊಲೆ ಬಿಡದ ಕೂಸು. “ನನ್ ಮಗೀನ್ ಮಕ ನೋಡಕ್ಕ.”

ಹನುಮಕ್ಕ ಎಡಗೈ ನೆಲಕ್ಕೂರಿ, ಬಲಗೈಯಲ್ಲಿ ಗಂಟು ಬಿಚ್ಚುವ ಕೊಕ್ಕೆ ತೆಗೆದುಕೊಂಡಳು. ಏಳಲಿಲ್ಲ. ಮಂಡಿಯೂರಿದವಳ ಕಣ್ಣೆದುರಿಗೆ ಇದ್ದದ್ದು ರಾಜನ ಮೊಣಕಾಲು. ಕೊಕ್ಕೆಯನ್ನು ಅಲ್ಲಿಗೇ ಹಾಕಿದಳು.

ಒಂದು ಗಂಟು. ಹತ್ತು ಗಂಟು. ಕೆಂಗಂದು ಉಣ್ಣೆಯ ತುಣುಕು ಮಡಿಲಿಗೆ ಉದುರಿತು. ಅನಂತರಾಜು ಫೋನಿನಲ್ಲಿ ಬೆಂಗಳೂರಿನ ಪಾರ್ಟಿ ಜೊತೆ ನಗುತ್ತಾ ಅತ್ತಿತ್ತ ಅಡ್ಡಾಡುತ್ತಿದ್ದ. ತಿರುಗಿ ನೋಡುವ ಹೊತ್ತಿಗೆ ರಾಜನ ಒಂದು ಮಂಡಿಯ ಕೆಳಗೆ ಕಾಲೇ ಇರಲಿಲ್ಲ. ಬರೀ ಬಿಳಿ ಹಾಸುನೂಲು.

“ಏಯ್ ಬೋಸುಡಿ! ಏನ್ಮಾಡ್ತಿದೀಯೇ!”

ಬೂಟು ಅವಳ ಎಡಗೈಯ ಮೇಲೆ ಬಿತ್ತು. ಒತ್ತಿತು.

“ಅಳತೆ ಸಮ ಮಾಡ್ತಿವ್ನಿ ಕಣ್ಲಾ,” ಅಂದಳು ಹನುಮಕ್ಕ. “ಅವ್ನೂ ಊರ್ಲಿ ಮಂಡಿಯ.”

“ಬುಡಕ್ಕೋ! ಬುಟ್ಬುಡಕ್ಕೋ!” ಕೋಮಲಾ ಎದೆ ಬಡಿದುಕೊಂಡಳು.

ಬೂಟಿನಡಿ ಬೆರಳು ಲಟಕ್ಕೆಂದಿತು. ಕೊಕ್ಕೆ ರಾಜನ ಇನ್ನೊಂದು ಕಾಲಿಗೆ ಹೋಯಿತು.